ಡಾಕ್ಟರ್ ಇಲ್ಲದ ಊರಿಗೆ ಯಾರಾದರೂ ಆದೀತೆ?

ನಕಲಿ ಕ್ಲಿನಿಕ್‌ಗೆ ಅಧಿಕಾರಿಗಳು ಬೀಗ ಹಾಕಿದಾಗಲೆಲ್ಲ ಒಂದು ಆಕ್ಷೇಪ ಏಳುತ್ತದೆ: ‘ಹಳ್ಳಿಗೆ ಇದ್ದ ಒಬ್ಬ ಡಾಕ್ಟರನ್ನೂ ಕಿತ್ತುಕೊಂಡಿರಿ.’ ಹೀಗೆನ್ನುವವರಲ್ಲಿ ಬಡವರಿಗಾಗಿ ನಿಜವಾಗಿ ಮರುಗುವವರೇ ಹೆಚ್ಚು. ಹಾಗಾಗಿಯೇ ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುವುದು ಅಗತ್ಯ.

ರಾತ್ರಿ ಮಗುವಿಗೆ ಜ್ವರ ಏರಿದರೆ ಬಾಗಿಲು ತೆರೆಯುವವನು ಪದವಿಯಿಲ್ಲದ ‘ಆರ್‌ಎಂಪಿ ಡಾಕ್ಟರ್’ ಒಬ್ಬನೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ ಎಂಬುದು ಅವರ ಮೊದಲ ವಾದ. ಅನೇಕ ಊರುಗಳಲ್ಲಿ ಇದು ನಿಜ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಏನು ನಡೆಯುತ್ತದೆ? ಒಂದು ಸ್ಟಿರಾಯ್ಡ್ ಸೂಜಿ, ಜೊತೆಗೆ ಡೈಕ್ಲೋಫೆನಾಕ್, ಎರಡು ಮೂರು ದಿನಕ್ಕೆ ಆ್ಯಂಟಿಬಯಾಟಿಕ್ ಮಾತ್ರೆ, ಸುಸ್ತು ಎಂದರೆ ಒಂದು ಬಾಟಲಿ ಗ್ಲೂಕೋಸ್. ಜ್ವರ ಇಳಿಯುತ್ತದೆ, ಮೈಕೈ ನೋವು ಹೋಗುತ್ತದೆ. ‘ಅವರ ಕೈಗುಣ ಒಳ್ಳೇದು, ಒಂದೇ ಸೂಜಿಗೆ ವಾಸಿಯಾಯ್ತು’ ಎಂಬ ಮಾತು ಊರಿಡೀ ಹರಡುತ್ತದೆ. ಆ ಜ್ವರ ಡೆಂಗಿಯದಾಗಿದ್ದರೆ ಡೈಕ್ಲೋಫೆನಾಕ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಿರುತ್ತದೆ. ಕ್ಷಯದ್ದಾಗಿದ್ದರೆ ಸ್ಟಿರಾಯ್ಡ್ ಅದರ ಲಕ್ಷಣಗಳನ್ನು ಮುಚ್ಚಿ, ದೇಹ ರೋಗದೊಡನೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸಿರುತ್ತದೆ. ಕಫ ಪರೀಕ್ಷೆ ಆಗುವ ಹೊತ್ತಿಗೆ ಮನೆಯ ಇನ್ನಿಬ್ಬರಿಗೆ ರೋಗ ಅಂಟಿರಬಹುದು. ಇದನ್ನು ನಾನು ‘ಏನೂ ಇಲ್ಲದ್ದಕ್ಕಿಂತ ವಾಸಿ’ ಎಂದು ಒಪ್ಪಲಾರೆ.

ಸೂಜಿಯ ವಿಷಯವನ್ನು ಇನ್ನಷ್ಟು ಹೇಳಬೇಕು. ಕಾಂಬೋಡಿಯದ ರೋಕಾ ಗ್ರಾಮದಲ್ಲಿ ಪರವಾನಗಿ ಇಲ್ಲದ ಒಬ್ಬ ವೈದ್ಯನನ್ನು ಊರವರು ಬಹಳ ಪ್ರೀತಿಸುತ್ತಿದ್ದರು. ಕೈಯಲ್ಲಿ ಕಾಸಿಲ್ಲದವರಿಗೂ ಆತ ಔಷಧ ಕೊಡುತ್ತಿದ್ದ. 2014ರ ಕೊನೆಗೆ ಆ ಸುತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಎಚ್‌ಐವಿ ಸೋಂಕು ಪತ್ತೆಯಾಯಿತು. ಬಳಸಿದ ಸೂಜಿಗಳನ್ನೇ ಮತ್ತೆ ಬಳಸಿದ್ದಕ್ಕೆ ಮರುವರ್ಷ ಅವನಿಗೆ 25 ವರ್ಷ ಜೈಲಾಯಿತು. ನಮ್ಮಲ್ಲೇ, 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರ್‌ಮಾವ್‌ನಲ್ಲಿ ಹತ್ತಾರು ಜನರಿಗೆ ಇದೇ ಸೋಂಕು ಕಂಡಾಗ, ಸೈಕಲ್ಲಿನಲ್ಲಿ ಊರೂರು ಸುತ್ತಿ ಅಗ್ಗದ ದರಕ್ಕೆ ಸೂಜಿ ಹಾಕುತ್ತಿದ್ದವನೊಬ್ಬನ ಬಂಧನವಾಯಿತು. ಒಳ್ಳೆಯ ಮನಸ್ಸಿದ್ದ ಮಾತ್ರಕ್ಕೆ ಸಿರಿಂಜ್ ಶುದ್ಧವಾಗುವುದಿಲ್ಲ.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಇವರನ್ನು ಓಡಿಸುವ ಬದಲು ತರಬೇತಿ ಕೊಡಿ, ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಅದು ಫಲ ಕೊಟ್ಟಿದೆ ಎನ್ನುತ್ತಾರೆ. ಅಲ್ಲಿ 304 ಮಂದಿ ಅನೌಪಚಾರಿಕ ವೈದ್ಯರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಒಂಬತ್ತು ತಿಂಗಳು ತರಬೇತಿ ಕೊಡಲಾಯಿತು. ಅಭಿಜಿತ್ ಬ್ಯಾನರ್ಜಿ, ಜಿಷ್ಣು ದಾಸ್, ಅಭಿಜಿತ್ ಚೌಧರಿ ಮೊದಲಾದವರ ಆ ಅಧ್ಯಯನ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರು ರೋಗಿಯನ್ನು ನಿಭಾಯಿಸುವ ರೀತಿ ಸುಧಾರಿಸಿತು ಎಂಬುದು ಅದರ ಅರ್ಧ ಫಲಿತಾಂಶ. ಉಳಿದರ್ಧವನ್ನು ವಾದಿಗಳು ಹೇಳುವುದೇ ಇಲ್ಲ: ಬೇಡದ ಔಷಧ, ಬೇಡದ ಆ್ಯಂಟಿಬಯಾಟಿಕ್ ಕೊಡುವ ಚಾಳಿ ತರಬೇತಿಯಿಂದ ತಗ್ಗಲಿಲ್ಲ. ತಗ್ಗುವುದಾದರೂ ಹೇಗೆ? ಔಷಧ ಕೊಟ್ಟರಷ್ಟೇ ಅವನಿಗೆ ಆದಾಯ. ಊರಲ್ಲಿ ಮೊದಲು ಸಿಗುವ ಕೈಗೆ ತರಬೇತಿ ಬೇಕೇ ಬೇಕು. ಅದನ್ನು ಸಂಬಳ ಪಡೆದು, ಮೇಲಿನವರಿಗೆ ಲೆಕ್ಕ ಒಪ್ಪಿಸುವವರಿಗೆ ಕೊಡಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡಲು ದಾರಿ ತೆರೆದಿದೆ. ಯಾವ ಔಷಧ, ಎಷ್ಟರವರೆಗೆ, ಯಾರ ಮೇಲ್ವಿಚಾರಣೆಯಲ್ಲಿ ಎಂಬ ಗೆರೆ ಅಲ್ಲಿದೆ. ಗೆರೆಯೇ ಇಲ್ಲದವನಿಗೆ ಒಂದು ಪ್ರಮಾಣಪತ್ರ ಕೊಟ್ಟು ಬಿಟ್ಟರೆ ಅದು ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಇನ್ನೊಂದು ಚೌಕಟ್ಟಾಗುತ್ತದೆ, ಅಷ್ಟೇ.

ಅರ್ಹತೆಯಿಲ್ಲದವರನ್ನು ತಡೆಯುವ ಕಾನೂನು ನಾಟಿ ವೈದ್ಯರನ್ನೂ ತುಳಿಯುತ್ತದೆ ಎಂಬ ನೋವೂ ಕೇಳಿಬರುತ್ತದೆ. ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಮಾನ್ಯ ಅರ್ಹತೆ ಇಲ್ಲದೆ ವೃತ್ತಿ ನಡೆಸುವಂತಿಲ್ಲ ಎಂದದ್ದು ಹಲವರ ಮನಸ್ಸಿಗೆ ಚುಚ್ಚಿದೆ. ಬೇರು, ತೊಗಟೆ, ಸೊಪ್ಪುಗಳ ಬಗ್ಗೆ ನಮ್ಮ ಮಲೆನಾಡಿನ ಹಿರಿಯರಿಗೆ ಇರುವ ತಿಳಿವಳಿಕೆ ದಾಖಲಾಗಬೇಕು, ಪರೀಕ್ಷೆಗೊಳಪಡಬೇಕು, ಉಳಿಯಬೇಕು. ಅದರಲ್ಲಿ ನನಗೆ ಎಳ್ಳಷ್ಟೂ ಭಿನ್ನಮತವಿಲ್ಲ. ಆದರೆ ಪೇಟೆಯ ಕ್ಲಿನಿಕ್‌ನಲ್ಲಿ ಡ್ರಿಪ್ ಹಾಕುತ್ತಿರುವವನ ಕೈಯಲ್ಲಿರುವುದು ಅಜ್ಜನ ವಿದ್ಯೆಯಲ್ಲ, ಕಾರ್ಖಾನೆಯ ಔಷಧ. ಅವನ ರಕ್ಷಣೆಗೆ ನಾಟಿ ವೈದ್ಯರ ಹೆಸರನ್ನು ತರುವುದು ಆ ಹಿರಿಯರಿಗೇ ಮಾಡುವ ಅನ್ಯಾಯ. ಇನ್ನು ಹಾವು ಕಡಿತದಂಥ ಪ್ರಸಂಗದಲ್ಲಿ ಪರಂಪರೆಯ ಮೇಲಿನ ಗೌರವವೂ ಒಂದು ಕಡೆ ನಿಲ್ಲಲೇಬೇಕು. ವಿಷಕ್ಕೆ ಮದ್ದು ಪ್ರತಿವಿಷ ಒಂದೇ. ಹಸಿರು ಮದ್ದು ಅರೆಯುತ್ತ ಕಳೆದ ಗಂಟೆ ತಿರುಗಿ ಬರುವುದಿಲ್ಲ. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಕಡ್ಡಾಯ ಮಾಡಿದ್ದು ಸರಿಯಾಗಿಯೇ ಇದೆ.

‘ಓದಿದ ಡಾಕ್ಟರುಗಳು ಸುಲಿಯುವುದಿಲ್ಲವೇ, ತಪ್ಪು ಮಾಡುವುದಿಲ್ಲವೇ?’ ಮಾಡುತ್ತಾರೆ. ಅವರ ವಿರುದ್ಧ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು, ಅವರ ನೋಂದಣಿ ಹೋಗಬಹುದು. ನೋಂದಣಿಯೇ ಇಲ್ಲದವನಿಂದ ಕಸಿದುಕೊಳ್ಳುವುದೇನನ್ನು? ಪದವಿ ಇದ್ದವರಿಗೂ ಕಾನೂನು ವಿನಾಯಿತಿ ಕೊಟ್ಟಿಲ್ಲ. ಹೋಮಿಯೋಪಥಿ ಓದಿದವರೊಬ್ಬರು ಜ್ವರದ ರೋಗಿಗೆ ಅಲೋಪಥಿ ಔಷಧ ಕೊಟ್ಟು, ರೋಗಿ ಸತ್ತ ಪೂನಂ ವರ್ಮಾ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದಿತು.

ಕೊನೆಯದು, ಕಾನೂನು ಇದ್ದೂ ಏನಾಯಿತು ಎಂಬ ಹತಾಶೆ. 1956ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಯಲ್ಲಿ ದಂಡ ಹೆಚ್ಚೆಂದರೆ ಸಾವಿರ ರೂಪಾಯಿ ಇತ್ತು. ಅದಕ್ಕೆ ಯಾರೂ ಹೆದರಲಿಲ್ಲ. 2019ರ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಿಲ್ಲದೆ ಖಾಸಗಿ ಕ್ಲಿನಿಕ್ ತೆರೆಯುವಂತೆಯೇ ಇಲ್ಲ. ಆದರೂ ಇಂದು ಮುಚ್ಚಿದ ಅಂಗಡಿ ಕೆಲವೇ ದಿನಗಳಲ್ಲಿ ಪಕ್ಕದ ಬೀದಿಯಲ್ಲಿ ತೆರೆದುಕೊಳ್ಳುತ್ತದೆ ಎನ್ನುವವರ ದೂರು ಸುಳ್ಳಲ್ಲ. ಬೀಗ ಹಾಕಿ ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿಯಲಿಲ್ಲ. ನ್ಯಾಯಾಲಯಕ್ಕೆ ದೋಷಾರೋಪ ಪಟ್ಟಿ ಹೋಗಬೇಕು. ತನ್ನ ಹೆಸರಿನ ಬೋರ್ಡನ್ನು ಬಾಡಿಗೆಗೆ ಕೊಟ್ಟ ಎಂಬಿಬಿಎಸ್ ಡಾಕ್ಟರೂ ಉತ್ತರಿಸಬೇಕು. ಆ ಸ್ಟಿರಾಯ್ಡು, ಆ ಆ್ಯಂಟಿಬಯಾಟಿಕ್ ಯಾವ ಮೆಡಿಕಲ್ ಸ್ಟೋರಿನಿಂದ, ಯಾವ ಸಗಟು ವ್ಯಾಪಾರಿಯಿಂದ ಬಂತು ಎಂದು ಬಿಲ್ಲು ಹಿಡಿದು ಹೋಗಬೇಕು. ಕೆಲವು ಆ್ಯಂಟಿಬಯಾಟಿಕ್‌ಗಳೂ ಸೇರಿದ ಎಚ್1 ಪಟ್ಟಿಯ ಔಷಧಗಳಿಗೆ 2014ರಿಂದಲೇ ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್ ಇಡಬೇಕೆಂಬ ನಿಯಮವಿದೆ. ಔಷಧ ನಿರೀಕ್ಷಕರು ಮೊದಲು ಆ ಪುಸ್ತಕವನ್ನು ಬಿಚ್ಚಿಸಲಿ. ಅದೇ ವಾರ ಅದೇ ಊರಿನ ಆರೋಗ್ಯ ಕೇಂದ್ರದಲ್ಲಿ ಖಾಲಿ ಇರುವ ಹುದ್ದೆಗೆ ಡಾಕ್ಟರ್ ಬರಲಿ, ರಾತ್ರಿ ಪಾಳಿಗೆ ಒಬ್ಬ ನರ್ಸ್ ಇರಲಿ. ಅಷ್ಟನ್ನು ಮಾಡದ ಸರ್ಕಾರವನ್ನು ನಾವೆಲ್ಲರೂ ಕೂಡಿ ಪ್ರಶ್ನಿಸೋಣ, ನನ್ನನ್ನು ವಿರೋಧಿಸುವವರೂ ಜೊತೆಗೆ ಬರಲಿ.