ಶರ್ಯತ್ತಿನ ತೀರ್ಪು ಕೊಟ್ಟಿಗೆಗೂ ಅನ್ವಯ

ತಾಯಂದಿರೇ, ಅಕ್ಕಂದಿರೇ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಜಾತ್ರೆ ಬಂತೆಂದರೆ ಎತ್ತಿನ ಗಾಡಿ ಶರ್ಯತ್ತಿನ ಮಾತು ಬಂದೇ ಬರುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಹಾಗೂ ಗಾಡಿ ಓಟಗಳನ್ನು ನಿಷೇಧಿಸಿತ್ತು. ಆಮೇಲೆ ನಮ್ಮ ರಾಜ್ಯ 2017ರ ತಿದ್ದುಪಡಿ ಕಾಯ್ದೆಯಲ್ಲಿ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

"ಕೋರ್ಟೇ ಬಿಟ್ಟ ಮೇಲೆ ಇನ್ನೇನು?" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅನವಶ್ಯಕ ನೋವು ಕೊಡಬಾರದು ಎಂಬ ಷರತ್ತಿನ ಮೇಲೆಯೇ ಈ ಅವಕಾಶ ಸಿಕ್ಕಿದೆ. ಮೊಳೆ ಚುಚ್ಚಲು, ಬಾಲ ಮುರಿಯಲು ಯಾವ ಕೋರ್ಟೂ ಅನುಮತಿ ಕೊಟ್ಟಿಲ್ಲ.

2014ರ ತೀರ್ಪಿನಲ್ಲಿದ್ದ ಇನ್ನೊಂದು ಮಾತು ನಮಗೆ ಮುಖ್ಯ. ದನಕ್ಕೆ ಹಸಿವು-ನೀರಡಿಕೆ ಇರಬಾರದು, ಭಯ ಇರಬಾರದು, ಬಿಸಿಲು-ಚಳಿಯ ಕಾಟ ಇರಬಾರದು, ನೋವು-ರೋಗ ಇರಬಾರದು, ತನ್ನ ಸ್ವಭಾವದಂತೆ ಇರಲು ಬಿಡಬೇಕು. ಈ ಐದೂ ಹಿಂಡುವ ಆಕಳು, ಎಮ್ಮೆಗೂ ಸಲ್ಲುತ್ತವೆ.

ಇದು ಬರೀ ದಯೆಯ ಮಾತಲ್ಲ, ಲೆಕ್ಕದ ಮಾತೂ ಹೌದು. ಹಾಲಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ನೀರೇ. ಬೇಸಿಗೆಯಲ್ಲಿ ನೀರು, ನೆರಳು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ. ಹೊಡೆದು ಬೆದರಿಸಿದ ಆಕಳು ಹಾಲು ಇಳಿಸುವುದಿಲ್ಲ.

ಎತ್ತಿಗೆ ಮೇವು, ನೀರು ನೋಡುವವರು ಬಹುಪಾಲು ನೀವೇ. ಶರ್ಯತ್ತಿಗೆ ಒಯ್ಯುವ ತೀರ್ಮಾನ ಮಾತ್ರ ಗಂಡಸರದು. ಎತ್ತು ಕುಂಟುತ್ತಿದ್ದರೆ, ಹೆಗಲು ಬಾತಿದ್ದರೆ "ಈ ಸಲ ಬೇಡ, ಮೊದಲು ಡಾಕ್ಟರಿಗೆ ತೋರಿಸೋಣ" ಎಂದು ಗಟ್ಟಿಯಾಗಿ ಹೇಳಿ. ಕಾನೂನು ನಿಮ್ಮ ಕಡೆಗಿದೆ.