ಗೋಡೆ ಗಟ್ಟಿ, ಬೀಗದ ಕೈ ಕಳ್ಳನ ಹತ್ತಿರ

“ಕಂಟೇನರ್ ಒಳಗೆ ತಾನೇ ಓಡಿಸೋದು, ಏನಾಗುತ್ತೆ ಬಿಡಿ.” ಪುಣೆ, ಹೈದರಾಬಾದ್, ಚೆನ್ನೈಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವವರು ಈ ಮಾತನ್ನು ಕೇಳಿಯೇ ಇರುತ್ತೀರಿ. ಯಾರೋ ಬರೆದ ಶೆಲ್ ಸ್ಕ್ರಿಪ್ಟನ್ನು ಇಂಟರ್‌ನೆಟ್ಟಿನಿಂದ ಇಳಿಸಿ, ಓದದೆ, ನೇರವಾಗಿ ಓಡಿಸುವಾಗ ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನ ಇದು. ಈ ಸಮಾಧಾನಕ್ಕೆ ಬುಡವಿಲ್ಲ ಎಂಬುದೇ ನನ್ನ ತಕರಾರು.

ಕಂಟೇನರ್ ಎಂದರೆ ಒಂದೇ ಯಂತ್ರದೊಳಗೆ ಒಂದು ಪ್ರೋಗ್ರಾಮಿಗೆ ಕಟ್ಟಿಕೊಟ್ಟ ಪ್ರತ್ಯೇಕ ಕೋಣೆ. ಹೊರಗಿನ ಫೈಲುಗಳು, ಬೇರೆ ಪ್ರೋಗ್ರಾಮುಗಳು ಅದರ ಕಣ್ಣಿಗೆ ಬೀಳವು. ಒಳಗೆ ಓಡುವ ಸ್ಕ್ರಿಪ್ಟ್ ಏನನ್ನು ಅಳಿಸಿದರೂ ಕೆಡುವುದು ಆ ಕೋಣೆ ಮಾತ್ರ. ಒಳ್ಳೆಯದೇ. ಆದರೆ ನಾವು “ಸ್ಕ್ರಿಪ್ಟ್ ಗೋಡೆ ಹಾರೀತೇ?” ಎಂದಷ್ಟೇ ಕೇಳುತ್ತೇವೆ. “ಅದರ ಜೊತೆ ಒಳಗೆ ಏನೇನು ಇಟ್ಟಿದ್ದೇವೆ?” ಎಂದು ಕೇಳುವವರು ಕಡಿಮೆ.

2021ರ ಕೋಡ್‌ಕವ್ ಪ್ರಕರಣ ನೋಡಿ. ಪರೀಕ್ಷೆಗಳು ಕೋಡಿನ ಎಷ್ಟು ಭಾಗವನ್ನು ಮುಟ್ಟಿವೆ ಎಂದು ಲೆಕ್ಕ ಕೊಡುವ ಸೇವೆ ಅದು. ಗ್ರಾಹಕರು ತಮ್ಮ ಬಿಲ್ಡ್ ವ್ಯವಸ್ಥೆಯಲ್ಲಿ ಅದರ ಬ್ಯಾಶ್ ಸ್ಕ್ರಿಪ್ಟನ್ನು ಇಳಿಸಿಕೊಂಡು ಓಡಿಸುತ್ತಿದ್ದರು. ಜನವರಿ 31ರಿಂದ ಆ ಸ್ಕ್ರಿಪ್ಟಿನಲ್ಲಿ ಆಗಾಗ ಕಳ್ಳರ ಒಂದು ಸಾಲು ಸೇರಿಕೊಳ್ಳುತ್ತಿತ್ತು. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೆಲ್ಲ ಬಾಚಿ ಹೊರಗಿನ ಸರ್ವರಿಗೆ ಕಳಿಸುವುದು ಅದರ ಕೆಲಸ. ಅದು ಯಾವ ಗೋಡೆಯನ್ನೂ ಒಡೆಯಬೇಕಾಗಿರಲಿಲ್ಲ. ಕ್ಲೌಡ್ ಕೀಲಿ, ಪಾಸ್‌ವರ್ಡ್, ಟೋಕನ್‌ಗಳನ್ನು ಮನೆಯವರೇ ಕೋಣೆಯೊಳಗೆ ಇಟ್ಟಿದ್ದರು. ನೆಟ್‌ವರ್ಕಿನ ಬಾಗಿಲೂ ತೆರೆದೇ ಇತ್ತು. ಹ್ಯಾಶಿಕಾರ್ಪ್ ಕಂಪನಿ ತನ್ನ ಬಿಡುಗಡೆಗಳಿಗೆ ಸಹಿ ಹಾಕುವ ಕೀಲಿಯನ್ನೇ ಬದಲಾಯಿಸಬೇಕಾಯಿತು.

ಕೋಡ್‌ಕವ್ ಮನೆಗೆ ಕಳ್ಳರು ನುಗ್ಗಿದ್ದಾದರೂ ಹೇಗೆ? ಡಾಕರ್ ಇಮೇಜ್ ತಯಾರಿಸುವಾಗಿನ ತಪ್ಪಿನಿಂದಾಗಿ, ಸ್ಕ್ರಿಪ್ಟನ್ನು ತಿದ್ದಲು ಬೇಕಾದ ಕೀಲಿ ಅವರ ಕೈಗೆ ಸಿಕ್ಕಿತ್ತು. ಎರಡೂ ಕಡೆ ಒಂದೇ ಕಥೆ. ಏಪ್ರಿಲ್ 1ರಂದು ಇದು ಬೆಳಕಿಗೆ ಬಂದದ್ದು, ಸ್ಕ್ರಿಪ್ಟಿನ ಚೆಕ್‌ಸಮ್ ತಾಳೆಯಾಗುತ್ತಿಲ್ಲ ಎಂದು ಗ್ರಾಹಕರೊಬ್ಬರು ಗಮನಿಸಿದ್ದರಿಂದ. ಒಂದು ತಾಳೆ ನೋಡುವ ಕೆಲಸ, ಅಷ್ಟೇ.

ಗೋಡೆಯ ಬಗ್ಗೆಯೂ ಅತಿಯಾದ ನಂಬಿಕೆ ಬೇಡ. ಪ್ರತ್ಯೇಕ ಕೋಣೆಯ ಅಜ್ಜನಾದ ಸಿಎಚ್‌ರೂಟ್ 1979ರ ಯೂನಿಕ್ಸ್ ಏಳನೇ ಆವೃತ್ತಿಯಷ್ಟು ಹಳೆಯದು. ಭದ್ರತೆಗಾಗಿ ಇದನ್ನು ಮಾಡಿಲ್ಲವೆಂದು ಲಿನಕ್ಸ್ ಕೈಪಿಡಿಯೇ ಹೇಳುತ್ತದೆ. 2019ರಲ್ಲಿ, ಕಂಟೇನರ್‌ಗಳನ್ನು ಓಡಿಸುವ ರನ್‌ಸಿ ಎಂಬ ಪ್ರೋಗ್ರಾಮನ್ನು ಒಳಗಿನ ರೂಟ್ ಬಳಕೆದಾರ ತಿದ್ದಿ ಬರೆಯಬಹುದಾದ ದೋಷ ಸಿಕ್ಕಿತು. ಇಂಥ ದೋಷಗಳಿಗೆ ತೇಪೆ ಹಾಕಬಹುದು. ಆದರೆ ಅನುಕೂಲಕ್ಕೆಂದು ಇಡೀ ಹೋಮ್ ಫೋಲ್ಡರನ್ನೋ ಡಾಕರ್ ಸಾಕೆಟ್ಟನ್ನೋ ನಾವೇ ಒಳಗೆ ಜೋಡಿಸಿಕೊಟ್ಟರೆ ಯಾವ ತೇಪೆ ಕಾಪಾಡೀತು? ಡಾಕರ್ ಸಾಕೆಟ್ ಕೊಟ್ಟರೆ ಸಾಮಾನ್ಯವಾಗಿ ಹೊರಗಿನ ಯಂತ್ರದ ಯಜಮಾನಿಕೆಯನ್ನೇ ಕೊಟ್ಟಂತೆ.

“ಕೀಲಿ ಇಲ್ಲದೆ ಕೆಲಸ ಆಗೋದು ಹೇಗೆ?” ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಕೆಲಸವನ್ನು ಒಡೆಯಿರಿ. ಬೇಕಾದ ಲೈಬ್ರರಿಗಳನ್ನು ಮೊದಲೇ ಇಳಿಸಿಕೊಂಡು, ಬಿಲ್ಡ್ ಮತ್ತು ಪರೀಕ್ಷೆ ನಡೆಯುವ ಕೋಣೆಗೆ ಕೀಲಿಯನ್ನೂ ಕೊಡಬೇಡಿ, ನೆಟ್‌ವರ್ಕನ್ನೂ ಕೊಡಬೇಡಿ. ಡಾಕರ್‌ನಲ್ಲಿ ನೆಟ್‌ವರ್ಕ್ ಕತ್ತರಿಸಲು ಒಂದು ಆಯ್ಕೆ ಸಾಕು. ವರದಿ ಕಳಿಸುವ ಸ್ಕ್ರಿಪ್ಟಿಗೆ ನೆಟ್‌ವರ್ಕ್ ಬೇಕೇ ಬೇಕು. ಅದಕ್ಕೆ ಅದರದೇ ಒಂದು ಟೋಕನ್ ಸಾಕು, ಡೇಟಾಬೇಸ್ ಪಾಸ್‌ವರ್ಡ್ ಯಾಕೆ? ಡಿಪ್ಲಾಯ್ ಮಾಡುವ ಕೋಣೆಗೆ ಬೇಗ ಅವಧಿ ಮುಗಿಯುವ ಕೀಲಿ ಕೊಡಿ. ಅಲ್ಲಿ ನಾವೇ ಓದಿ ಒಪ್ಪಿದ ಸ್ಕ್ರಿಪ್ಟ್ ಮಾತ್ರ ಓಡಲಿ, ರೂಟ್ ಆಗಿ ಓಡದಿರಲಿ.

“ಶುಕ್ರವಾರ ಡೆಲಿವರಿ ಇದೆ, ಸಮಯವೆಲ್ಲಿ?” ಎಂಬುದು ಇನ್ನೊಂದು ಉತ್ತರ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಬೇಕಾಗುವ ಸಮಯವನ್ನೂ ಲೆಕ್ಕ ಹಾಕಿ: ಎಲ್ಲ ಕೀಲಿ ಬದಲಿಸಬೇಕು, ಲಾಗ್‌ಗಳನ್ನು ಜಾಲಾಡಬೇಕು, ಗ್ರಾಹಕರಿಗೆ ಪತ್ರ ಬರೆಯಬೇಕು. ಅಂದು ಬೆರಳು ತೋರಿಸುವುದು ಆದೇಶದಂತೆ ಸ್ಕ್ರಿಪ್ಟ್ ಓಡಿಸಿದ, ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿಯ ಕಡೆಗೆ. ಕೋಣೆಯೊಳಗೆ ಕೀಲಿ ಇಟ್ಟವರು ಹಿರಿಯರು. ಆದ್ದರಿಂದ ಈ ಬದಲಾವಣೆ ಟೀಮ್ ಲೀಡ್‌ಗಳ ಹೊಣೆ, ಹೊಸಬರದ್ದಲ್ಲ.

ಈಗಂತೂ ಕೃತಕ ಬುದ್ಧಿಮತ್ತೆಯ ಸಾಧನಗಳು ತಾವೇ ಶೆಲ್ ಆದೇಶ ಬರೆದು, ತಾವೇ ಓಡಿಸುತ್ತಿವೆ. ಓಡುವ ಮುನ್ನ ಮನುಷ್ಯ ಓದುವ ಆ ಒಂದು ಕ್ಷಣವೂ ಕೈಬಿಡುತ್ತಿದೆ. ಒಳಗೆ ಏನಿದೆ ಎಂಬ ಪ್ರಶ್ನೆಗೆ ಇನ್ನಷ್ಟು ತೂಕ ಬಂದಿದೆ.

ಸೋಮವಾರ ಕಚೇರಿಗೆ ಹೋದಾಗ ನಿಮ್ಮ ಬಿಲ್ಡ್ ಕೋಣೆಯಲ್ಲಿರುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಪಟ್ಟಿ ಮಾಡಿ. ಹೆಸರು ಮಾತ್ರ ಬರೆಯಿರಿ. ಬೆಲೆಗಳು ಲಾಗ್‌ಗೆ ಬಿದ್ದರೆ ಅದೇ ಇನ್ನೊಂದು ಸೋರಿಕೆ. ಪ್ರತಿ ಹೆಸರಿನ ಮುಂದೆ, ಈ ಹಂತಕ್ಕೆ ಇದು ಯಾಕೆ ಬೇಕು ಎಂದು ಒಂದು ಸಾಲು ಬರೆಯಿರಿ. ಸಾಲು ಹೊಳೆಯದ ಹೆಸರುಗಳನ್ನು ಅಂದೇ ತೆಗೆದುಹಾಕಿ.