ಸ್ಟಾರ್ಟ್ ಆಗದ ಕಂಪ್ಯೂಟರ್ ಎಲ್ಲ ಸತ್ತಿರೋದಿಲ್ಲ (ಕಂತು 17)

ಆಸ್ಪತ್ರೆ ಕಥೆ ಕೇಳಿದವರು ಒಂದು ವಾರ ತಡೀರಿ. ಮಳೆ ಹಿಡಿದಿದೆ, ಊರಲ್ಲಿ ಕರೆಂಟು ಹೋಗಿ ಬಂದು ಮಾಡ್ತಿದೆ, ಒಂದೇ ತಿಂಗಳಲ್ಲಿ ಮೂರು ಮನೆಯಿಂದ "ಕಂಪ್ಯೂಟರ್ ಹೋಯ್ತು" ಅಂತ ಸುದ್ದಿ ಬಂತು. ಮೂರಕ್ಕೂ ಅಂಗಡಿಯಲ್ಲಿ ಹೇಳಿದ ಮದ್ದು ಒಂದೇ: ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು.

ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಫಾರ್ಮ್ಯಾಟ್ ಕೊನೆಯ ಮದ್ದು. ಅದನ್ನೇ ಮೊದಲು ಹೇಳಿದವರಿಗೆ ಕಂಪ್ಯೂಟರ್ ಕೊಡಬೇಡಿ. ಪೆಟ್ಟಿಗೆ ಹೋದರೆ ಹೊಸದು ಸಿಗುತ್ತೆ. ಒಳಗಿರೋ ಫೋಟೋ, ತೋಟದ ಲೆಕ್ಕ, ಅಜ್ಜಿಯ ದನಿ ಅಂಗಡಿಯಲ್ಲಿ ಸಿಗಲ್ಲ.

ಇಲ್ಲಿ ಇಂಗ್ಲೆಂಡಿನ ವಾರ್ಡಿನಲ್ಲಿ ರೋಗಿ ಕುಸಿದರೆ ನಾವು ನೋಡೋದಕ್ಕೆ ಒಂದು ಕ್ರಮ ಇದೆ. ಮೊದಲು ಶ್ವಾಸನಾಳ, ಆಮೇಲೆ ಉಸಿರು, ಆಮೇಲೆ ರಕ್ತಚಲನೆ. ಮೊದಲನೆಯದು ನೋಡದೆ ಮುಂದಕ್ಕೆ ಹೋಗೋ ಹಾಗಿಲ್ಲ. ಕಂಪ್ಯೂಟರಿಗೂ ಅದೇ ಬುದ್ಧಿ ಸಾಕು.

ಮೊದಲು ಕರೆಂಟು. ಲೈಟ್ ಹತ್ತುತ್ತಾ, ಫ್ಯಾನ್ ತಿರುಗುತ್ತಾ? ಇಲ್ಲದಿದ್ದರೆ ಪ್ಲಗ್ ಅನ್ನು ಯುಪಿಎಸ್‌ನಿಂದ ತೆಗೆದು ನೇರ ಗೋಡೆಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತೆ.

ಎರಡನೆಯದು, ಹೊರಗೆ ಚುಚ್ಚಿರೋದೆಲ್ಲ ತೆಗೀರಿ. ಪೆನ್‌ಡ್ರೈವ್, ಪ್ರಿಂಟರ್, ಎಲ್ಲ. ಮರೆತುಬಿಟ್ಟ ಒಂದು ಪೆನ್‌ಡ್ರೈವಿನಿಂದಲೇ ಸ್ಟಾರ್ಟ್ ಆಗೋಕೆ ಹೋಗಿ ನಿಂತುಬಿಡೋ ಯಂತ್ರಗಳಿವೆ. ಫ್ಯಾನ್ ತಿರುಗ್ತಿದೆ, ಸ್ಕ್ರೀನ್ ಕಪ್ಪು ಅಂದರೆ ಮಾನಿಟರ್ ಕೇಬಲ್ ನೋಡಿ. ಬೀಪ್ ಬೀಪ್ ಅಂತ ಕೂಗಿದರೆ ಎಷ್ಟು ಸಲ ಕೂಗಿತು ಅಂತ ಎಣಿಸಿ ಬರೆದಿಡಿ. ಅದು ರ‍್ಯಾಮ್ ಸಡಿಲಾದ ಲಕ್ಷಣವೂ ಇರಬಹುದು.

ಮೂರನೆಯದು, ಸ್ಕ್ರೀನ್ ಮೇಲೆ ಏನು ಬರೆದಿದೆ ಅಂತ ಓದಿ, ಮೊಬೈಲಲ್ಲಿ ಫೋಟೋ ತೆಗೀರಿ. "ಏನೋ ಇಂಗ್ಲಿಷಲ್ಲಿ ಬಂತು, ಹೋಯ್ತು" ಅಂದರೆ ಯಾವ ಡಾಕ್ಟರಿಗೂ ಗೊತ್ತಾಗಲ್ಲ ಮಾರಾಯ್ರೇ!

ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮ ಇದನ್ನೇ ಮಾಡಿದ್ದು. ಅಂಗಡಿಯ ಹುಡುಗ ಫಾರ್ಮ್ಯಾಟಿಗೆ ತಯಾರಾಗಿದ್ದ. ಚಿಕ್ಕಮ್ಮ ಮಾತ್ರ, "ತಡಿಯಪ್ಪ, ಇದರಲ್ಲಿ ತಾರೀಖು 2012 ಅಂತ ಯಾಕೆ ತೋರಿಸ್ತಿದೆ?" ಅಂತ ಕೇಳಿದರು. ಅದೇ ಸುಳಿವು. ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತೆ, ಸಾಮಾನ್ಯವಾಗಿ ಸಿಆರ್2032 ಅನ್ನೋದು, 3 ವೋಲ್ಟ್. ಅದು ಖಾಲಿಯಾಗಿ ಕರೆಂಟೂ ಹೋದರೆ ಹಳೇ ಯಂತ್ರ ತಾರೀಖು ಮರೆಯುತ್ತೆ, ಹಾರ್ಡ್ ಡಿಸ್ಕ್ ಹೇಗೆ ಓದಬೇಕು ಅನ್ನೋ ಸೆಟ್ಟಿಂಗೂ ಮರೆಯುತ್ತೆ. ಆಗ ವಿಂಡೋಸ್ ನೆಟ್ಟಗಿದ್ದರೂ ಏಳಲ್ಲ. ಸೆಲ್ ಬದಲಾಯಿಸಿ ಸೆಟ್ಟಿಂಗ್ ಸರಿಮಾಡಿದ ಮೇಲೆ ಎದ್ದಿತು. ಒಂಬತ್ತು ವರ್ಷದ ಅಡಿಕೆ ಲೆಕ್ಕ, ಅಜ್ಜಿ ಹಾಡಿದ ಹಸೆ ಹಾಡುಗಳು, ಎಲ್ಲ ಇದ್ದಲ್ಲೇ ಇತ್ತು. ಅಜ್ಜಿ ಈಗಿಲ್ಲ. ಆ ಹಾಡಿಗೆ ಬೇರೆ ಪ್ರತಿ ಇರಲಿಲ್ಲ.

ಅಂಗಡಿಯವರದ್ದೇ ತಪ್ಪು ಅಂತಲೂ ನಾನು ಹೇಳಲ್ಲ. ಫಾರ್ಮ್ಯಾಟಿಗೆ ಇಷ್ಟು ಅಂತ ರೇಟಿದೆ, ಬೇಗ ಮುಗಿಯುತ್ತೆ. ಕಾರಣ ಹುಡುಕೋಕೆ ಅರ್ಧ ದಿನ ಹೋದರೆ ನಾವೇ "ಏನೂ ರಿಪೇರಿ ಮಾಡಿಲ್ವಲ್ಲ" ಅಂತ ಚೌಕಾಸಿ ಮಾಡ್ತೀವಿ. ಡಾಕ್ಟರ ಹತ್ತಿರ ಪರೀಕ್ಷೆಗೆ ದುಡ್ಡು ಕೊಡ್ತೀವಿ ತಾನೇ? ಇಲ್ಲೂ ಕೊಡಿ. "ಮೊದಲು ಡೇಟಾ ತೆಗೆದುಕೊಡಿ, ಅದಕ್ಕೆ ಬೇರೆ ದುಡ್ಡು ಕೊಡ್ತೀನಿ" ಅಂತ ಬಾಯಿಬಿಟ್ಟು ಹೇಳಿ. ವಿಂಡೋಸ್ ಪೂರ್ತಿ ಕೆಟ್ಟಿದ್ದರೂ ಡಿಸ್ಕ್ ಚೆನ್ನಾಗಿದ್ದರೆ, ಬಿಚ್ಚಿ ಯುಎಸ್‌ಬಿ ಕೇಬಲ್‌ನಲ್ಲಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲು ತೆಗೀಬಹುದು.

ಮೂರು ಎಚ್ಚರಿಕೆ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿದರೆ ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗೆ ಹಾಳಾಗುತ್ತೆ. ಪವರ್ ಸಪ್ಲೈ ಡಬ್ಬಿ ಮಾತ್ರ ಯಾರೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯುವಷ್ಟು ಕರೆಂಟು ಅದರಲ್ಲಿ ಉಳಿದಿರುತ್ತೆ. ಹೊಸ ಲ್ಯಾಪ್‌ಟಾಪ್ ಇರೋರು, ಬಿಟ್‌ಲಾಕರ್ ಅನ್ನೋ ಬೀಗ ಹಾಕಿದೆಯಾ ಅಂತ ಈಗಲೇ ನೋಡಿಕೊಳ್ಳಿ. ರಿಪೇರಿ ಹೊತ್ತಿಗೆ ಅದು 48 ಅಂಕಿಯ ಕೀ ಕೇಳಬಹುದು. ಅದು ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಕೀ ಇಲ್ಲದಿದ್ದರೆ ಯಾವ ಅಂಗಡಿಯವರಿಗೂ ತೆಗೆಯೋಕಾಗಲ್ಲ.

ಇನ್ನೊಂದು ಮಾತು ನಮ್ಮಂಥ ಹೊರದೇಶದಲ್ಲಿರೋ ಮಕ್ಕಳಿಗೆ. "ನೀವು ಏನೂ ಮುಟ್ಟಬೇಡಿ, ನಾನು ಬಂದಾಗ ನೋಡ್ತೀನಿ" ಅಂತ ಅಪ್ಪ ಅಮ್ಮನಿಗೆ ಹೇಳೋದು ಬಿಡೋಣ. ರಜೆ ಸಿಗೋ ಹೊತ್ತಿಗೆ ಅಂಗಡಿಯಲ್ಲಿ ಎಲ್ಲ ಅಳಿಸಿ ಆಗಿರುತ್ತೆ. ನಮ್ಮಮ್ಮಂದಿರು ಕುಕ್ಕರ್ ಸದ್ದು ಕೇಳಿಯೇ ಗ್ಯಾಸ್ಕೆಟ್ ಹೋಗಿದೆ ಅಂತ ಹೇಳೋರು. ಬೀಪ್ ಎಣಿಸೋದು, ತಾರೀಖು ನೋಡೋದು ಅವರಿಗೆ ದೊಡ್ಡ ವಿಷಯ ಅಲ್ಲ. ಫೋನಲ್ಲಿ ತಾಳ್ಮೆಯಿಂದ ಹೇಳಿಕೊಡೋದು ನಮ್ಮ ಕೆಲಸ.

ಈ ಭಾನುವಾರ ಎಲ್ಲರೂ ಒಂದು ಕೆಲಸ ಮಾಡಿ. ಕಳೆದುಕೊಂಡರೆ ಅಳು ಬರುವಂಥ ಫೈಲುಗಳನ್ನು ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಆ ಡಿಸ್ಕನ್ನು ಬೇರೆ ಮನೆಯಲ್ಲಿಡಿ. ಮಾಡಿದವರು ಕೆಳಗೆ "ಆಯ್ತು" ಅಂತ ಬರೀರಿ. ಬರೆಯದವರಿಗೆ ಫೋನ್ ಮಾಡ್ತೀನಿ, ನೈಟ್ ಡ್ಯೂಟಿ ಮುಗಿಸಿ ಬಂದ ಕೂಡಲೇ.